ಅಲಾರಂ ‘ವೆಂಟ್ ಆಫ್’ ಅಂದರೆ ಹೊಡೆಯಿತೋ, ನಿಂತಿತೋ?

ರಾತ್ರಿಪಾಳಿ:
ನಾನು ದೊಡ್ಡ ಕಟ್ಟಡವೊಂದರ ಮೆಂಟೆನೆನ್ಸ್ ಕೆಲಸ ನೋಡಿಕೊಳ್ಳುತ್ತೇನೆ. ಈಚೆಗೆ ಬಾಡಿಗೆದಾರರೊಬ್ಬರಿಂದ ಇಮೇಲ್ ಬಂತು. ಸಾಲು ಇಷ್ಟೇ: ‘ದಿ ಫೈರ್ ಅಲಾರಂ ವೆಂಟ್ ಆಫ್ ಲಾಸ್ಟ್ ನೈಟ್.’ ನಮ್ಮ ಹುಡುಗನೊಬ್ಬ ಅದನ್ನು ಓದಿ, ಲಾಗ್ ಪುಸ್ತಕದಲ್ಲಿ ‘ರಾತ್ರಿ ಫೈರ್ ಅಲಾರಂ ಆಫ್ ಆಗಿತ್ತು’ ಎಂದು ಬರೆದಿಟ್ಟ. ಎಲೆಕ್ಟ್ರಿಷಿಯನ್ ಬಂದರು, ಪ್ಯಾನೆಲ್ ಬಿಚ್ಚಿದರು, ಪವರ್ ಸಪ್ಲೈ ನೋಡಿದರು, ಬ್ಯಾಟರಿ ಬದಲಾಯಿಸಿ ಹೋದರು. ಆಗಿದ್ದು ಉಲ್ಟಾ. ಅಲಾರಂ ಬೆಂಕಿ ಇಲ್ಲದೆ ಸುಮ್ಮಸುಮ್ಮನೆ ಬಡಿದುಕೊಂಡಿತ್ತು. ಸ್ಮೋಕ್ ಡಿಟೆಕ್ಟರ್ ಒಳಗೆ ದೂಳು ಕೂತಿತ್ತು. ಅದನ್ನು ಯಾರೂ ಮುಟ್ಟಲೇ ಇಲ್ಲ. ಮಾರನೇ ರಾತ್ರಿ ಮತ್ತೆ ಅದೇ ಕಥೆ.

ಹುಡುಗನನ್ನು ಬೈಯಲು ನನಗೆ ಮನಸ್ಸಿಲ್ಲ. ಅವನು ಹೇಳುವುದರಲ್ಲಿ ನ್ಯಾಯ ಇದೆ. ಲೈಟ್ ‘ವೆಂಟ್ ಆಫ್’ ಅಂದರೆ ಲೈಟು ಹೋಯಿತು. ಅಲಾರಂ ‘ವೆಂಟ್ ಆಫ್’ ಅಂದರೆ ಅಲಾರಂ ಹೊಡೆಯಿತು. ಅದೇ ಗೋ, ಅದೇ ಆಫ್. ಒಂದು ಕಡೆ ನಿಲ್ಲುತ್ತದೆ, ಇನ್ನೊಂದು ಕಡೆ ಶುರುವಾಗುತ್ತದೆ. ಇದಕ್ಕೆ ಏನಾದರೂ ಲಾಜಿಕ್ ಇದೆಯಾ? ಇಲ್ಲ, ಬಾಯಿಪಾಠ ಮಾಡಿಕೊಂಡು ಸುಮ್ಮನಿರಬೇಕಾ?

ಕಟಕಿಮಾತು:
ಬಾಯಿಪಾಠ ಮಾಡಿ. ಲಾಜಿಕ್ ಹುಡುಕುತ್ತಾ ಕೂತರೆ ತಲೆ ಕೂಡ ‘ಗೋ ಆಫ್’ ಆಗುತ್ತದೆ. ಯಾವ ಅರ್ಥದಲ್ಲಿ ಅಂತ ಕೇಳಬೇಡಿ.

ಟೀಚರಮ್ಮ:
ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವವಳು ನಾನು. ಈ ‘ಗೋ ಆಫ್’ ಬಂದಾಗಲೆಲ್ಲ ತರಗತಿಯಲ್ಲಿ ಗದ್ದಲ. ನೆನಪಿಗೆ ಬಂದಷ್ಟು ಬರೆಯುತ್ತೇನೆ, ನೋಡಿ.

ಬಾಂಬ್ ಗೋ ಆಫ್ ಆದರೆ ಸಿಡಿಯಿತು. ಬಂದೂಕು ಆದರೆ ಗುಂಡು ಹಾರಿತು. ಹಾಲು ಆದರೆ ಕೆಟ್ಟಿತು. ಮಗು ಆದರೆ ನಿದ್ದೆ ಹತ್ತಿತು. ನಾಟಕದ ಪಾತ್ರಧಾರಿ ಆದರೆ ರಂಗದಿಂದ ಒಳಗೆ ಹೋದ. ಕಾರ್ಯಕ್ರಮ ‘ವೆಂಟ್ ಆಫ್ ವೆಲ್’ ಆದರೆ ಚೆನ್ನಾಗಿ ನಡೆಯಿತು. ಯಾರ ಮೇಲಾದರೂ ‘ವೆಂಟ್ ಆಫ್’ ಆದರೆ ಅವರಿಗೆ ಹಿಗ್ಗಾಮುಗ್ಗಾ ಬೈದರು. ‘ಐ ಹ್ಯಾವ್ ಗಾನ್ ಆಫ್ ಹಿಮ್’ ಅಂದರೆ ಅವನು ಮೊದಲಿನ ಹಾಗೆ ಇಷ್ಟವಾಗುತ್ತಿಲ್ಲ. ಈ ಕೊನೆಯದು ಬ್ರಿಟನ್ನಿನ ಕಡೆ ಜಾಸ್ತಿ. ‘ವೆಂಟ್ ಆಫ್ ವಿತ್ ದಿ ಮನಿ’ ಅಂದರೆ ದುಡ್ಡು ಎತ್ತಿಕೊಂಡು ಪರಾರಿ.

ಇಷ್ಟನ್ನೂ ಪಟ್ಟಿ ಮಾಡಿ ಕೊಟ್ಟರೆ ಮಾರನೇ ದಿನಕ್ಕೆ ಯಾರಿಗೂ ಒಂದೂ ನೆನಪಿರುವುದಿಲ್ಲ. ಹಾಗಾಗಿ ನಾನು ಕ್ರಿಯಾಪದ ಬಿಟ್ಟು, ಯಾರು ಗೋ ಆಫ್ ಆದದ್ದು ಅನ್ನುವುದನ್ನು ನೋಡಿ ಅನ್ನುತ್ತೇನೆ. ಕರ್ತೃ ಗೊತ್ತಾದರೆ ಮುಕ್ಕಾಲು ಪಾಲು ಅರ್ಥ ಗೊತ್ತಾದ ಹಾಗೆ. ಹಾಲು ಸಿಡಿಯುವುದಿಲ್ಲ, ಬಾಂಬ್ ಹುಳಿಯಾಗುವುದಿಲ್ಲ.

ಕಟಕಿಮಾತು:
ಮೇಡಂ, ಅದು ಹಾಲಿಗೂ ಬಾಂಬಿಗೂ ಸರಿ. ಅಲಾರಮ್ಮಿಗೆ ಎರಡೂ ಆಗುತ್ತದಲ್ಲ! ಹೊಡೆಯಲೂಬಹುದು, ನಿಲ್ಲಲೂಬಹುದು. ಆ ಹುಡುಗ ಎಡವಿದ್ದೇ ಅಲ್ಲಿ. ಕರ್ತೃ ನೋಡಿ ಅಂದರೆ ಅವನಿಗೆ ಏನು ಉಪಯೋಗವಾಯಿತು?

ವ್ಯಾಕರಣದಹುಳು:
ಲಾಜಿಕ್ ಇದೆ ಸ್ವಾಮಿ. ‘ಆಫ್’ ಅಂದರೆ ಸ್ವಿಚ್ಚಿನ ‘ಆಫ್’ ಅಂತ ನಾವೆಲ್ಲ ತಲೆಯಲ್ಲಿ ಕೂರಿಸಿಕೊಂಡಿದ್ದೇವೆ. ತೊಂದರೆ ಅಲ್ಲೇ ಇದೆ. ಸ್ವಿಚ್ಚು ಬಂದದ್ದು ಮೊನ್ನೆ. ಈ ಪದ ಸಾವಿರ ವರ್ಷಕ್ಕಿಂತ ಹಳೆಯದು. ಇಂಗ್ಲಿಷಿನ ‘ಆಫ್’ ಮತ್ತು ‘ಆವ್’, ಅಂದರೆ ಕಪ್ ಆವ್ ಟೀ ಅನ್ನುತ್ತೇವಲ್ಲ ಆ ‘ಆವ್’, ಎರಡೂ ಮೂಲದಲ್ಲಿ ಒಂದೇ ಪದ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಇಂದ’, ‘ದೂರಕ್ಕೆ’ ಅನ್ನುವ ಅರ್ಥ. ಒತ್ತಿ ಹೇಳಿದಾಗ ಒಂದು ರೂಪ, ಒತ್ತದೆ ಹೇಳಿದಾಗ ಇನ್ನೊಂದು. ಬರವಣಿಗೆಯಲ್ಲಿ ಅವು ಪೂರ್ತಿ ಬೇರೆಯಾಗುವ ಹೊತ್ತಿಗೆ 17ನೇ ಶತಮಾನ ಬಂದಿತ್ತು.

ಇನ್ನೂ ಹಿಂದಕ್ಕೆ ಹೋದರೆ ಗ್ರೀಕಿನ ‘ಅಪೊ’, ಲ್ಯಾಟಿನ್ನಿನ ‘ಅಬ್’, ಸಂಸ್ಕೃತದ ‘ಅಪ’ ಎಲ್ಲ ಇದರ ನೆಂಟರೇ. ಅಪಹರಣ ಅನ್ನುತ್ತೇವಲ್ಲ, ಅದರ ‘ಅಪ’. ಎತ್ತಿಕೊಂಡು ಆಚೆ ಹೋಗುವುದು. ಮೇಡಂ ಕೊಟ್ಟ ‘ವೆಂಟ್ ಆಫ್ ವಿತ್ ದಿ ಮನಿ’ ಹತ್ತಿರ ಹತ್ತಿರ ಅದೇ.

ಅಂದರೆ ಆಫ್‌ನ ಮೂಲ ಅರ್ಥ ‘ನಿಲ್ಲು’ ಅಲ್ಲ, ‘ಕಳಚಿಕೊ’. ಎಲ್ಲಿಂದಲೋ ಬಿಟ್ಟುಕೊಂಡು ಆಚೆ ಹೋಗುವುದು. ಬಂದೂಕಿಗೆ ‘ಗೋ ಆಫ್’ ಅನ್ನುವುದು 16ನೇ ಶತಮಾನದಿಂದಲೇ ಇದೆ. ಕರೆಂಟೂ ಇರಲಿಲ್ಲ, ಸ್ವಿಚ್ಚೂ ಇರಲಿಲ್ಲ. ಬಂದೂಕಿನೊಳಗೆ ಒಂದು ಸ್ಪ್ರಿಂಗ್ ಇರುತ್ತದೆ, ಅದನ್ನು ಎಳೆದು ಕೊಕ್ಕೆಗೆ ಸಿಕ್ಕಿಸಿರುತ್ತಾರೆ. ಬೆರಳಿನಿಂದ ಟ್ರಿಗರ್ ಎಳೆದರೆ ಕೊಕ್ಕೆ ಬಿಡುತ್ತದೆ. ಹಿಡಿದಿಟ್ಟದ್ದು ಬಿಡುಗಡೆಯಾಗುತ್ತದೆ. ‘ಗೋ ಆಫ್’ ಅಂದರೆ ಅದು. ಅಲಾರಮ್ಮಿಗೆ ಬಂದದ್ದೂ ಅದೇ ಅರ್ಥ ಅನ್ನುವುದು ನನ್ನ ವಾದ.

ಸುಮ್ನೆಓದ್ತೀನಿ:
ಬಂದೂಕಿಗೂ ಅಲಾರಮ್ಮಿಗೂ ಏನು ಸಂಬಂಧ? ಕೇಳಲು ಚೆನ್ನಾಗಿದೆ, ಆದರೆ ನಂಬಿಕೆ ಬರುತ್ತಿಲ್ಲ.

ಹಳೇಗಡಿಯಾರ:
ಸಂಬಂಧ ಇದೆ, ನಾನು ಹೇಳುತ್ತೇನೆ. ಗಡಿಯಾರ ರಿಪೇರಿ ನನ್ನ ಕಸುಬು. ಇಂಗ್ಲಿಷ್ ಅಷ್ಟಕ್ಕಷ್ಟೇ.

ತಲೆಯ ಮೇಲೆ ಎರಡು ಗಂಟೆ ಇರುವ ಕೀ ಕೊಡುವ ಟೈಂಪೀಸ್ ನೋಡಿದ್ದೀರಲ್ಲ? ಹಿಂದೆ ಎರಡು ಕೀ ಇರುತ್ತವೆ. ಒಂದು ಸಮಯ ಓಡಿಸುವ ಸ್ಪ್ರಿಂಗಿಗೆ, ಇನ್ನೊಂದು ಗಂಟೆ ಬಡಿಯುವ ಸ್ಪ್ರಿಂಗಿಗೆ. ಎರಡನೆಯದಕ್ಕೆ ಪೂರ್ತಿ ಕೀ ಕೊಟ್ಟರೆ ಅದು ಆ ಕ್ಷಣದಲ್ಲೇ ಬಡಿಯಲು ತಯಾರಾಗಿರುತ್ತದೆ. ಬಡಿಯುವುದಿಲ್ಲ ಯಾಕೆ? ಒಂದು ಸಣ್ಣ ತಗಡಿನ ಲಿವರ್ ಸುತ್ತಿಗೆಯನ್ನು ತಡೆದು ಹಿಡಿದಿರುತ್ತದೆ. ಗಂಟೆಯ ಮುಳ್ಳಿನ ಜೊತೆ ಒಂದು ಚಕ್ರ ತಿರುಗುತ್ತಿರುತ್ತದೆ, 12 ಗಂಟೆಗೆ ಒಂದು ಸುತ್ತು. ನೀವು ಇಟ್ಟ ಹೊತ್ತು ಬಂದಾಗ ಆ ಚಕ್ರ ಒಂದು ಕಚ್ಚಿಗೆ ಸರಿಯಾಗಿ ಕೂರುತ್ತದೆ, ಲಿವರ್ ಸರಿಯುತ್ತದೆ, ಸುತ್ತಿಗೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಸ್ಪ್ರಿಂಗ್ ಸಡಿಲವಾಗುವವರೆಗೂ ಟಣಟಣಟಣ.

ಚಕ್ರ 12 ಗಂಟೆಗೆ ಒಂದು ಸುತ್ತು ಬರುವುದರಿಂದಲೇ ಹಳೆಯ ಟೈಂಪೀಸಿನಲ್ಲಿ ‘ನಾಳೆ ಸಂಜೆಗೆ’ ಅಂತ ಅಲಾರಂ ಇಡಲು ಆಗುವುದಿಲ್ಲ. ಇದು ಇಲ್ಲಿಗೆ ಬೇಕಿಲ್ಲದ ಮಾತು, ಬಾಯಿಗೆ ಬಂತು, ಹೇಳಿದೆ.

ನೀವು ಎದ್ದು ಮೇಲಿನ ಗುಂಡಿ ಒತ್ತುತ್ತೀರಲ್ಲ, ಆಗ ಏನಾಗುತ್ತದೆ ಗೊತ್ತಾ? ಸುತ್ತಿಗೆಗೆ ಮತ್ತೆ ಅಡ್ಡ ಬೀಳುತ್ತದೆ. ಹಿಡಿದು ನಿಲ್ಲಿಸುತ್ತದೆ. ಅಂದರೆ ಹುಳು ಸರ್ ಲೆಕ್ಕದಲ್ಲಿ ಅಲಾರಂ ಹೊಡೆಯುವುದೇ ‘ಕಳಚಿಕೊಳ್ಳುವುದು’. ನಾವು ‘ಆಫ್ ಮಾಡು’ ಅನ್ನುವುದು ಕಟ್ಟಿಹಾಕುವುದು. ನನಗಂತೂ ಈಗ ‘ವೆಂಟ್ ಆಫ್’ ಸರಿಯಾಗಿಯೇ ಕೇಳಿಸುತ್ತಿದೆ. ‘ಟರ್ನ್ ಆಫ್’ ಯಾಕೆ ಅಂದರು ಅನ್ನುವುದೇ ಡೌಟು.

ವ್ಯಾಕರಣದಹುಳು:
ಅಣ್ಣಾ, ಕೈ ಮುಗಿದೆ. ನಾನು ಪುಸ್ತಕ ನೋಡಿ ಹೇಳಿದ್ದನ್ನು ನೀವು ಸ್ಕ್ರೂಡ್ರೈವರ್ ಹಿಡಿದು ತೋರಿಸಿದಿರಿ.

ಬಂದೂಕಿನ ಇನ್ನೊಂದು ಮಾತು. ‘ಗೋ ಆಫ್ ಹಾಫ್ ಕಾಕ್ಡ್’ ಅಂತಾರೆ, ತಯಾರಿ ಇಲ್ಲದೆ ದುಡುಕುವುದಕ್ಕೆ. ಹಳೆಯ ಚಕಮಕಿ ಬಂದೂಕಿನ ಕುದುರೆಯನ್ನು ಎರಡು ಹಂತದಲ್ಲಿ ಎಳೆದು ನಿಲ್ಲಿಸಬಹುದಿತ್ತು. ಅರ್ಧ ಎಳೆದು ನಿಲ್ಲಿಸಿದರೆ ಮದ್ದು ತುಂಬುವಾಗ ಹಾರಬಾರದು ಅನ್ನುವ ಲೆಕ್ಕ. ಹಾಗಿದ್ದೂ ಹಾರಿಬಿಟ್ಟರೆ? ಅದೇ ಹಾಫ್ ಕಾಕ್. ಇನ್ನೊಂದು, ಬಂದೂಕಿನ ಪಕ್ಕದ ಪುಟ್ಟ ಬಟ್ಟಲಿನಲ್ಲಿ, ಅಂದರೆ ‘ಪ್ಯಾನ್’ನಲ್ಲಿ, ಹಾಕಿದ ಮದ್ದು ಭಗ್ ಎಂದು ಉರಿಯುತ್ತದೆ, ಒಳಗಿನ ಮದ್ದಿಗೆ ಬೆಂಕಿ ತಾಗುವುದೇ ಇಲ್ಲ. ಬೆಳಕು ಬಂತು, ಗುಂಡು ಬರಲಿಲ್ಲ. ‘ಫ್ಲ್ಯಾಶ್ ಇನ್ ದಿ ಪ್ಯಾನ್’ ಅನ್ನುವ ಮಾತು ಅಲ್ಲಿಂದಲೇ. ಆ ಬಂದೂಕು ‘ಗೋ ಆಫ್’ ಆಗಲಿಲ್ಲ ಅನ್ನಬೇಕು.

ಜರ್ಮನ್‌ಕಲಿಯುವವ:
ನಾನು ಜರ್ಮನ್ ಕಲಿಯುತ್ತಿದ್ದೇನೆ. ಅಲ್ಲಿ ‘ಲೋಸ್‌ಗೇಯೆನ್’ ಅಂತ ಒಂದು ಕ್ರಿಯಾಪದ. ‘ಗೇಯೆನ್’ ಅಂದರೆ ಹೋಗು, ‘ಲೋಸ್’ ಅಂದರೆ ಬಿಚ್ಚಿಕೊಂಡ, ಸಡಿಲವಾದ. ಇಂಗ್ಲಿಷಿನ ಲೂಸ್ ಇದ್ದ ಹಾಗೆ. ಬಂದೂಕು ಹಾರಿದರೂ ಲೋಸ್‌ಗೇಯೆನ್, ಯಾವುದಾದರೂ ಕೆಲಸ ಶುರುವಾದರೂ ಲೋಸ್‌ಗೇಯೆನ್. ‘ಎಸ್ ಗೇಟ್ ಲೋಸ್’ ಅಂದರೆ ‘ಹಾಂ, ಶುರುವಾಯಿತು!’ ಹುಳು ಸರ್ ಹೇಳುವ ಬಿಡುಗಡೆಯ ಲೆಕ್ಕ ಅಲ್ಲಿ ಎದ್ದು ಕಾಣುತ್ತದೆ.

ಕಟಕಿಮಾತು:
ಎಲ್ಲರೂ ಸೇರಿ ಹುಳು ಸಾಹೇಬರನ್ನು ಪಲ್ಲಕ್ಕಿಯಲ್ಲಿ ಕೂರಿಸಿಬಿಟ್ಟಿರಲ್ಲ! ಸ್ವಲ್ಪ ಇಳಿಸಿ.

ಬಂದೂಕು, ಬಾಂಬ್, ಅಲಾರಂ. ಸರಿ, ಸ್ಪ್ರಿಂಗ್ ಬಿಟ್ಟುಕೊಂಡಿತು. ಈಗ ಹಾಲಿಗೆ ಬನ್ನಿ. ಅದಕ್ಕೆ ಯಾವ ಕೊಕ್ಕೆ, ಯಾವ ಸ್ಪ್ರಿಂಗ್? ‘ಒಳ್ಳೆಯ ಸ್ಥಿತಿಯಿಂದ ಕಳಚಿಕೊಂಡು ಹೋಯಿತು’ ಅನ್ನುತ್ತೀರಿ, ನನಗೆ ಗೊತ್ತು. ಮಗು ನಿದ್ದೆ ಮಾಡಿತು. ‘ಎಚ್ಚರದಿಂದ ಕಳಚಿಕೊಂಡಿತು.’ ಲೈಟು ಹೋಯಿತು. ‘ಕರೆಂಟಿನಿಂದ ಕಳಚಿಕೊಂಡಿತು.’ ಹೀಗೆ ಹೇಳುತ್ತಾ ಹೋದರೆ ಪ್ರಪಂಚದಲ್ಲಿ ಯಾವುದು ಯಾವುದರಿಂದ ಕಳಚಿಕೊಂಡಿಲ್ಲ ಹೇಳಿ? ಅರ್ಥ ಮೊದಲೇ ಗೊತ್ತಿದ್ದವರು ಆಮೇಲೆ ಕಟ್ಟುವ ಕಥೆ ಇದು. ಅರ್ಥ ಗೊತ್ತಿಲ್ಲದವನ ಕೈಗೆ ಈ ‘ಕಳಚಿಕೊ’ ಕೊಟ್ಟು ಕಳಿಸಿ, ‘ಮಿಲ್ಕ್ ಹ್ಯಾಸ್ ಗಾನ್ ಆಫ್’ ಅಂದರೆ ಏನು ಅಂತ ಕೇಳಿ. ಪಾತ್ರೆಯಿಂದ ಉಕ್ಕಿ ಹೋಯಿತು ಅನ್ನುತ್ತಾನೆ. ಅವನ ಲಾಜಿಕ್ಕೂ ಸರಿಯೇ ಅಲ್ವಾ?

ಗಾರೆಮಟ್ಟ:
ಕಟಕಿ ಅಣ್ಣನ ಕೈಗೆ ಒಂದು ಅಸ್ತ್ರ ಕೊಡುತ್ತೇನೆ. ನಾನು ಕಟ್ಟಡ ಕೆಲಸದ ಸೈಟ್‌ನಲ್ಲಿ ಬ್ರಿಟಿಷ್ ಫೋರ್‌ಮನ್ ಕೈಕೆಳಗೆ ಇದ್ದವನು. ಆತ ಪ್ಲಾಸ್ಟರ್ ಮೇಲೆ ಬೆರಳೊತ್ತಿ ‘ಇಟ್ಸ್ ಗಾನ್ ಆಫ್’ ಅಂದ. ಜೊತೆಗಿದ್ದವರು ಮಾಲು ಹಾಳಾಯಿತು ಅಂದುಕೊಂಡು ಕೆರೆದು ತೆಗೆಯಲು ಕರಣೆ ಎತ್ತಿದರು. ಆತ ಕೂಗಿಕೊಂಡ. ಆತ ಹೇಳಿದ್ದು ‘ಪ್ಲಾಸ್ಟರ್ ಸೆಟ್ ಆಯಿತು’ ಅಂತ. ಗಟ್ಟಿಯಾಯಿತು, ಇನ್ನು ಮುಂದಿನ ಕೆಲಸ ನೋಡಿ ಅಂತ. ಬ್ರಿಟನ್ನಿನ ಗಾರೆ ಕೆಲಸದವರು ಕಾಂಕ್ರೀಟಿಗೂ ಹಾಗೇ ಅನ್ನುತ್ತಾರೆ. ಫೈಬರ್‌ಗ್ಲಾಸ್ ರೆಸಿನ್ನಿಗೂ ಅದೇ ಮಾತು.

ಹಾಲು ‘ಗೋ ಆಫ್’ ಆದರೆ ಚೆಲ್ಲಬೇಕು. ಪ್ಲಾಸ್ಟರ್ ‘ಗೋ ಆಫ್’ ಆದರೆ ಖುಷಿ ಪಡಬೇಕು. ಬಕೆಟ್‌ನಲ್ಲೇ ‘ಗೋ ಆಫ್’ ಆದರೆ ಮಾತ್ರ ಮತ್ತೆ ಚೆಲ್ಲಬೇಕು. ಕಳಚಿಕೊಳ್ಳುವುದು ಬಿಡಿ, ಇಲ್ಲಿ ಅಂಟಿಕೊಳ್ಳುತ್ತಿದೆ!

ಸುಮ್ನೆಓದ್ತೀನಿ:
ಬಕೆಟ್‌ನಲ್ಲೇ ಗೋ ಆಫ್! ಇದನ್ನು ಬರೆದಿಟ್ಟುಕೊಂಡೆ.

ಟೀಚರಮ್ಮ:
ಗಾರೆಮಟ್ಟ ಅವರ ಉದಾಹರಣೆ ನನಗೆ ಹೊಸದು. ಕಟಕಿಯವರಿಗೆ ಒಂದು ಮಾತು. ಈ ಥರ ಒಂದೇ ಪದ ಹತ್ತು ದಿಕ್ಕಿಗೆ ಓಡುವುದು ಇಂಗ್ಲಿಷಿನವರ ಚಾಳಿ ಮಾತ್ರ ಅಂದುಕೊಳ್ಳಬೇಡಿ. ನಮ್ಮ ‘ಹತ್ತು’ ನೋಡಿ. ಬೆಟ್ಟ ಹತ್ತಿದ. ಬೆಂಕಿ ಹತ್ತಿತು. ನಿದ್ದೆ ಹತ್ತಿತು. ಉತ್ತರದ ಕಡೆ ‘ಅಳಲಿಕ್ಕೆ ಹತ್ತಿದ’ ಅಂದರೆ ಅಳಲು ಶುರು ಮಾಡಿದ. ಸಂಖ್ಯೆ ಬೇರೆ ಇದೆ, ಅದನ್ನು ಬಿಡಿ. ಕನ್ನಡ ಕಲಿಯುವ ಹೊರಗಿನವರು ‘ನಿದ್ದೆ ಎಲ್ಲಿಗೆ ಹತ್ತಿತು?’ ಅಂತ ಕೇಳಿದರೆ ಏನು ಹೇಳುತ್ತೀರಿ? ನಮಗೆ ಇದರಲ್ಲಿ ಒಂದಿಷ್ಟೂ ಗೊಂದಲ ಆಗುವುದಿಲ್ಲ. ಯಾಕೆಂದರೆ ನಾವು ‘ಹತ್ತು’ ಒಂದನ್ನೇ ಕಲಿತವರಲ್ಲ. ‘ನಿದ್ದೆ ಹತ್ತಿತು’ ಅಂತ ಜೋಡಿಯಾಗಿಯೇ ಕೇಳಿ ಕಲಿತವರು.

ಅದಕ್ಕೇ ನಾನು ‘ಕಳಚಿಕೊ’ ಲೆಕ್ಕಕ್ಕಿಂತ ಜೋಡಿಯನ್ನು ನಂಬುತ್ತೇನೆ. ‘ಅಲಾರಂ’ ಜೊತೆ ‘ವೆಂಟ್ ಆಫ್’ ಬಂತಾ, ಹೊಡೆಯಿತು. ಮುಗಿಯಿತು. ನಿಂತಿದ್ದನ್ನು ಹೇಳಬೇಕಾದಾಗ ಇಂಗ್ಲಿಷಿನವರು ಸಾಮಾನ್ಯವಾಗಿ ‘ಸ್ಟಾಪ್ಡ್’ ಅನ್ನುತ್ತಾರೆ. ಯಾರೋ ನಿಲ್ಲಿಸಿದ್ದರೆ ‘ವಾಸ್ ಟರ್ನ್ಡ್ ಆಫ್’. ಕಟಕಿಯವರೇ, ಎರಡೂ ಆಗಬಹುದು ಅಂದಿರಲ್ಲ, ಬಳಕೆಯಲ್ಲಿ ಹಾಗೆ ಆಗುವುದು ತೀರಾ ಕಡಿಮೆ.

ಅನುವಾದಕಿ:
ಸಬ್‌ಟೈಟಲ್ ಮಾಡುವುದು ನನ್ನ ಕೆಲಸ. ಹಾಗಾಗಿ ಇಂಥವು ದಿನಾ ಎದುರಾಗುತ್ತವೆ. ನಾನು ಬಳಸುವ ಒಂದು ಪರೀಕ್ಷೆ ಇದೆ, ಹೇಳಲಾ?

‘ವೆಂಟ್ ಆಫ್’ ಕಂಡರೆ ಅದನ್ನು ‘ಈಸ್ ಆಫ್’ ಮಾಡಿ ನೋಡುತ್ತೇನೆ. ‘ದಿ ಲೈಟ್ ವೆಂಟ್ ಆಫ್.’ ಈಗ ‘ದಿ ಲೈಟ್ ಈಸ್ ಆಫ್.’ ಸರಿ ಬಂತು. ಹಾಗಾದರೆ ಇಲ್ಲಿ ‘ಆಫ್’ ಅನ್ನುವುದು ಲೈಟು ಕೊನೆಗೆ ತಲುಪಿದ ಸ್ಥಿತಿ. ‘ದಿ ಮಿಲ್ಕ್ ವೆಂಟ್ ಆಫ್.’ ‘ದಿ ಮಿಲ್ಕ್ ಈಸ್ ಆಫ್.’ ಬ್ರಿಟಿಷರು ಹಾಗೆ ಹೇಳುತ್ತಾರೆ. ಇದೂ ಸ್ಥಿತಿ. ಈಗ ‘ದಿ ಬಾಂಬ್ ವೆಂಟ್ ಆಫ್’ ತೆಗೆದುಕೊಳ್ಳಿ. ಸಿಡಿದ ಬಾಂಬಿಗೆ ‘ದಿ ಬಾಂಬ್ ಈಸ್ ಆಫ್’ ಅಂತ ಯಾರೂ ಅನ್ನುವುದಿಲ್ಲ. ಸಿಡಿದ ಮೇಲೆ ಅದಕ್ಕೆ ಯಾವ ಸ್ಥಿತಿಯೂ ಉಳಿಯುವುದಿಲ್ಲ, ಬಾಂಬೇ ಉಳಿಯುವುದಿಲ್ಲ. ಇಲ್ಲಿ ‘ಆಫ್’ ಅಂದರೆ ಆ ಕ್ಷಣದ ಚಲನೆ. ಅಲಾರಂ ಕೂಡ ಈ ಗುಂಪಿನದ್ದು. ಅದು ಬಡಿದುಕೊಳ್ಳುತ್ತಿರುವಾಗ ‘ದಿ ಅಲಾರಂ ಈಸ್ ಆಫ್’ ಅಂದರೆ ಕೇಳಿದವರು ನಗುತ್ತಾರೆ. ಆಗ ‘ಈಸ್ ಗೋಯಿಂಗ್ ಆಫ್’ ಅನ್ನಬೇಕು. ‘ಈಸ್ ಆಫ್’ ಅಂದರೆ ಅಲಾರಂ ಮೌನ.

ಅಂದರೆ ಒಂದೇ ‘ಆಫ್’ ಒಳಗೆ ಇಬ್ಬರು ಕೂತಿದ್ದಾರೆ. ಒಬ್ಬ ಸ್ಥಿತಿ ಹೇಳುವವನು, ಇನ್ನೊಬ್ಬ ಚಲನೆ ಹೇಳುವವನು. ರಾತ್ರಿಪಾಳಿಯವರ ಹುಡುಗ ಚಲನೆಯವನನ್ನು ಸ್ಥಿತಿಯವನು ಅಂದುಕೊಂಡ.

ಈ ಪರೀಕ್ಷೆಯಲ್ಲಿ ನನಗೆ ತುಂಬಾ ಇಷ್ಟವಾದ ಜೋಡಿ ಇದು. ‘ದಿ ಮೀಟಿಂಗ್ ವೆಂಟ್ ಆಫ್ ವೆಲ್’ ಅಂದರೆ ಮೀಟಿಂಗ್ ಚೆನ್ನಾಗಿ ನಡೆಯಿತು. ‘ದಿ ಮೀಟಿಂಗ್ ಈಸ್ ಆಫ್’ ಅಂದರೆ ಮೀಟಿಂಗ್ ರದ್ದು! ಇನ್ನು ‘ವೀ ಆರ್ ಆಫ್’ ಅಂದರೆ ನಾವು ಹೊರಟೆವು. ನಾವು ರದ್ದೂ ಅಲ್ಲ, ಕೆಟ್ಟೂ ಹೋಗಿಲ್ಲ.

ಕಟಕಿಮಾತು:
ಇದು ಕೆಲಸಕ್ಕೆ ಬರುವ ಮಾತು. ಆದರೆ ಮೇಡಂ, ಸಿಡಿದ ಬಾಂಬಿಗೆ ‘ಈಸ್ ಆಫ್’ ಅನ್ನುವುದಿಲ್ಲ ಅಂತ ಗೊತ್ತಿರಬೇಕಾದರೆ ಇಂಗ್ಲಿಷ್ ಚೆನ್ನಾಗಿ ಬರಬೇಕು. ಚೆನ್ನಾಗಿ ಬರುವವರಿಗೆ ಪರೀಕ್ಷೆ ಯಾಕೆ?

ಅನುವಾದಕಿ:
ಒಂಟಿ ವಾಕ್ಯದಲ್ಲಿ ‘ಈಸ್ ಆಫ್’ ಅರ್ಥ ಮಾಡಿಕೊಳ್ಳುವುದು ಸುಲಭ ಅಣ್ಣ, ಅದು ಎಲ್ಲ ಸ್ವಿಚ್ಚಿನ ಮೇಲೂ ಇದೆ. ‘ವೆಂಟ್ ಆಫ್’ ಕಷ್ಟ. ಗೊತ್ತಿರುವುದನ್ನು ಹಿಡಿದು ಗೊತ್ತಿಲ್ಲದ್ದರ ಹತ್ತಿರ ಹೋಗುವುದು, ಅಷ್ಟೇ. ಪೂರ್ತಿ ಗ್ಯಾರಂಟಿ ನಾನು ಕೊಡಲ್ಲ. ಗಾರೆಮಟ್ಟ ಅವರ ಪ್ಲಾಸ್ಟರ್ ಇದರಲ್ಲಿ ಎಲ್ಲಿ ಕೂರುತ್ತದೋ ಗೊತ್ತಿಲ್ಲ.

ರಾತ್ರಿಪಾಳಿ:
ಚರ್ಚೆ ಇಷ್ಟು ದೂರ ಬರುತ್ತದೆ ಅಂದುಕೊಂಡಿರಲಿಲ್ಲ. ನನಗೆ ಬೇಕಿರುವುದು ಸ್ವಲ್ಪ ಬೇರೆ. ನಮ್ಮ ಲಾಗ್ ಪುಸ್ತಕ ಇಂಗ್ಲಿಷಿನಲ್ಲೇ ಇರಬೇಕು, ಬೇರೆ ಬೇರೆ ಭಾಷೆಯವರು ಓದುತ್ತಾರೆ. ‘ವೆಂಟ್ ಆಫ್’ ಬರೆಯಲೇಬೇಡಿ ಅಂತ ನಿಯಮ ಮಾಡಿದರೆ ಅತಿಯಾಗುತ್ತದಾ?

ವ್ಯಾಕರಣದಹುಳು:
ಅತಿ ಅನ್ನಿಸುತ್ತದೆ ನನಗೆ. ಅಷ್ಟು ಹಳೆಯ, ಅಷ್ಟು ಸಹಜವಾದ ಮಾತನ್ನು ಹೊರಗೆ ಹಾಕುವ ಬದಲು ಹುಡುಗರಿಗೆ ಕಲಿಸಬಹುದಲ್ಲ?

ಅನುವಾದಕಿ:
ನಾನು ಒಪ್ಪಲ್ಲ. ಲಾಗ್ ಪುಸ್ತಕ ಭಾಷೆ ಕಲಿಯುವ ಜಾಗ ಅಲ್ಲ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಓದುವವರಿಗೆ ಒಂದೇ ಅರ್ಥ ಇರಬೇಕು.

ವಿಮಾನ ರಿಪೇರಿಯ ಕೈಪಿಡಿಗಳಿಗೆ ಇದೇ ಕಾರಣಕ್ಕೆ ಒಂದು ಬಿಗಿಯಾದ ಇಂಗ್ಲಿಷ್ ಮಾಡಿದ್ದಾರೆ, ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ಅಂತ. 1980ರ ದಶಕದಲ್ಲಿ ಯುರೋಪಿನ ವಿಮಾನ ಉದ್ಯಮದವರು ಶುರು ಮಾಡಿದ್ದು. ಅದರ ಮೂಲ ನಿಯಮ ಸರಳ: ಒಂದು ಪದಕ್ಕೆ ಒಂದೇ ಅರ್ಥ. ‘ಫಾಲೋ’ ಪದವನ್ನೇ ನೋಡಿ. ಅಲ್ಲಿ ಅದಕ್ಕೆ ‘ಒಂದರ ಹಿಂದೆ ಇನ್ನೊಂದು ಬರುವುದು’ ಅನ್ನುವ ಅರ್ಥ ಮಾತ್ರ. ಸೂಚನೆಗಳನ್ನು ಪಾಲಿಸಿ ಅನ್ನಬೇಕಾದರೆ ‘ಫಾಲೋ’ ಬಳಸುವ ಹಾಗಿಲ್ಲ, ‘ಒಬೇ’ ಅನ್ನಬೇಕು. ‘ಫಾಲೋ’ಗೇ ಈ ಗತಿ ಆದರೆ ‘ಗೋ ಆಫ್’ ಯಾವ ಲೆಕ್ಕ? ನೀವು ಸುಮ್ನೆ ‘ಅಲಾರಂ ಸೌಂಡೆಡ್’, ‘ಅಲಾರಂ ಸ್ಟಾಪ್ಡ್’, ‘ಅಲಾರಂ ಹ್ಯಾಸ್ ನೋ ಪವರ್’ ಅಂತ ಮೂರು ಸಾಲು ಅಚ್ಚು ಹಾಕಿಸಿ, ಮುಂದೆ ಟಿಕ್ ಮಾಡಲು ಚೌಕ ಇಡಿ. ಬರೆಯುವ ಕೆಲಸವೇ ಬೇಡ.

ಟೀಚರಮ್ಮ:
ಲಾಗ್ ಪುಸ್ತಕಕ್ಕೆ ಅನುವಾದಕಿಯವರ ಮಾತೇ ಸರಿ. ಆದರೆ ಇಮೇಲ್ ಬರೆಯುವ ಬಾಡಿಗೆದಾರರಿಗೆ ಯಾರು ನಿಯಮ ಹಾಕುತ್ತಾರೆ? ಅವರು ‘ವೆಂಟ್ ಆಫ್’ ಅಂತಲೇ ಬರೆಯುತ್ತಾರೆ. ಆದ್ದರಿಂದ ಬರೆಯುವಾಗ ಬೇಡ, ಓದುವಾಗ ಬೇಕು. ಹುಡುಗರಿಗೆ ಎರಡನ್ನೂ ಹೇಳಿ.

ಮತ್ತೆ ಒಂದು ಜೋಡಿ ಹೇಳಿಕೊಡಿ, ಉಪಯೋಗಕ್ಕೆ ಬರುತ್ತದೆ. ಹೊಗೆ ಅಲಾರಮ್ಮನ್ನು ‘ಸೆಟ್ ಆಫ್’ ಮಾಡುತ್ತದೆ, ಆಗ ಅಲಾರಂ ‘ಗೋ ಆಫ್’ ಆಗುತ್ತದೆ. ಒಂದು ಹೊಡೆಸುವುದು, ಇನ್ನೊಂದು ಹೊಡೆಯುವುದು. ‘ಡಸ್ಟ್ ಸೆಟ್ ಆಫ್ ದಿ ಅಲಾರಂ’ ಅಂತ ಯಾರಾದರೂ ಬರೆದಿದ್ದರೆ ನಿಮ್ಮ ಎಲೆಕ್ಟ್ರಿಷಿಯನ್ ಬ್ಯಾಟರಿ ಮುಟ್ಟುತ್ತಿರಲಿಲ್ಲ.

ಜರ್ಮನ್‌ಕಲಿಯುವವ:
‘ಸೆಟ್ ಆಫ್’ ಅಂದರೆ ಪ್ರಯಾಣ ಹೊರಡುವುದು ಅಂತ ನಾನು ಕಲಿತದ್ದು. ಅದೂ ಇದೂ ಒಂದೇನಾ?

ವ್ಯಾಕರಣದಹುಳು:
ಎರಡೂ ಇವೆ. ಮೂರನೆಯದೂ ಇದೆ. 1755ರಲ್ಲಿ ಸ್ಯಾಮ್ಯುಯಲ್ ಜಾನ್ಸನ್ ತಮ್ಮ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲಿ ಈ ಜಾತಿಯ ಪದಗಳ ಬಗ್ಗೆಯೇ ಬರೆದಿದ್ದಾರೆ. ಹೊರಗಿನವರಿಗೆ ಅತಿ ಕಷ್ಟ ಕೊಡುವುದು ಇವೇ ಅನ್ನುತ್ತಾರೆ. ಕೊಟ್ಟ ಉದಾಹರಣೆಗಳಲ್ಲಿ ‘ಸೆಟ್ ಆಫ್’ ಇದೆ. ಆದರೆ ಅದಕ್ಕೆ ಅವರು ಕೊಟ್ಟ ಅರ್ಥ ಹೊರಡುವುದೂ ಅಲ್ಲ, ಸಿಡಿಸುವುದೂ ಅಲ್ಲ, ‘ಅಂದ ಹೆಚ್ಚಿಸುವುದು’. ಈಗಲೂ ಚಿತ್ರಕ್ಕೆ ಚೌಕಟ್ಟು ಒಪ್ಪಿದರೆ ಆ ಚೌಕಟ್ಟು ಚಿತ್ರವನ್ನು ‘ಸೆಟ್ಸ್ ಆಫ್’ ಅನ್ನುತ್ತಾರೆ. ‘ಟೇಕ್ ಆಫ್’ಗೆ ಅವರು ಕೊಟ್ಟ ಅರ್ಥ ‘ನಕಲು ಮಾಡುವುದು’. ವಿಮಾನ ಇನ್ನೂ ಹುಟ್ಟಿರಲಿಲ್ಲ ನೋಡಿ.

ಇವಕ್ಕೆ ‘ಫ್ರೇಸಲ್ ವರ್ಬ್’ ಅಂತ ಹೆಸರು ಗಟ್ಟಿಯಾದದ್ದು ಮಾತ್ರ ತೀರಾ ಈಚೆಗೆ. 1925ರಲ್ಲಿ ಲೋಗನ್ ಪಿಯರ್‌ಸಲ್ ಸ್ಮಿತ್ ಎಂಬವರು ಅದನ್ನು ಬಳಕೆಗೆ ತಂದರು. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಸೂಚಿಸಿದ ಹೆಸರು ಅಂತ ಅವರೇ ಹೇಳಿಕೊಂಡಿದ್ದಾರೆ.

ಗಾರೆಮಟ್ಟ:
ನನ್ನದೊಂದು ಡೌಟು. ‘ಟರ್ನ್ ಆಫ್ ದಿ ಲೈಟ್’, ‘ಟರ್ನ್ ಆಫ್ ದಿ ರೋಡ್’ ಎರಡೂ ಒಂದೇ ಥರ ಇವೆ. ರಸ್ತೆಯನ್ನು ಆರಿಸಲು ಆಗುವುದಿಲ್ಲ ಅಂತ ಗೊತ್ತು. ಆದರೆ ವ್ಯಾಕರಣದಲ್ಲಿ ಏನಾದರೂ ವ್ಯತ್ಯಾಸ ಇದೆಯಾ?

ಟೀಚರಮ್ಮ:
ಇದೆ, ತುಂಬಾ ಸುಲಭ. ‘ಇಟ್’ ಹಾಕಿ ನೋಡಿ. ಲೈಟಿಗೆ ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ತಪ್ಪು. ರಸ್ತೆಗೆ ‘ಟರ್ನ್ ಆಫ್ ಇಟ್’. ‘ಟರ್ನ್ ಇಟ್ ಆಫ್’ ಅಂದರೆ ರಸ್ತೆಗೇ ಸ್ವಿಚ್ಚು ಇದೆ ಅಂದ ಹಾಗೆ. ಲೈಟಿನ ‘ಆಫ್’ ಕ್ರಿಯಾಪದದ ಕಡೆಯವನು. ರಸ್ತೆಯ ‘ಆಫ್’ ರಸ್ತೆಯ ಕಡೆಯವನು, ಸಾದಾ ಪ್ರಿಪೊಸಿಷನ್. ‘ಗೋ ಆಫ್ ಹಿಮ್’ ಕೂಡ ರಸ್ತೆಯ ಜಾತಿಯೇ, ‘ಗೋ ಹಿಮ್ ಆಫ್’ ಅನ್ನುವ ಹಾಗಿಲ್ಲ. ಬ್ರಿಟನ್ 1931ರಲ್ಲಿ ‘ವೆಂಟ್ ಆಫ್ ದಿ ಗೋಲ್ಡ್ ಸ್ಟ್ಯಾಂಡರ್ಡ್’, ಅಂದರೆ ತನ್ನ ಹಣವನ್ನು ಚಿನ್ನಕ್ಕೆ ಕಟ್ಟಿಹಾಕುವುದನ್ನು ಬಿಟ್ಟಿತು ಅನ್ನುತ್ತಾರಲ್ಲ, ಅದೂ ಹಾಗೇ.

ಸುಮ್ನೆಓದ್ತೀನಿ:
ಈಗಿನ ಹುಡುಗರು ಕಾಮೆಂಟುಗಳಲ್ಲಿ ‘ಗೋ ಆಫ್!’ ಅಂತ ಹಾಕುತ್ತಾರಲ್ಲ, ಯಾರಾದರೂ ಚೆನ್ನಾಗಿ ಹಾಡಿದರೆ? ‘ಹೋಗು ಆಚೆ’ ಅಂತ ಬೈಗುಳ ಅಂದುಕೊಂಡಿದ್ದೆ ನಾನು.

ಅನುವಾದಕಿ:
ಹೊಗಳಿಕೆ ಅದು. ‘ಬಿಡಬೇಡ, ಹೊಡಿ!’ ಅಂದ ಹಾಗೆ. ಬಾಂಬಿನ ಕಡೆಯ ನೆಂಟ. ಆದರೆ ‘ಗೋ ಆಫ್, ಐ ಗೆಸ್’ ಅಂತ ಇದ್ದರೆ ಹುಷಾರು, ಅದು ವ್ಯಂಗ್ಯ.

ಕಟಕಿಮಾತು:
ಹುಳು ಸಾಹೇಬರೇ, ಕೊನೆಗೊಂದು ಸವಾಲು. ‘ಆಫ್’ ಅಂದರೆ ಕಳಚಿಕೊ ಅಂದಿರಿ. ‘ಪೇ ಆಫ್’ ಒಪ್ಪುತ್ತೇನೆ, ಸಾಲ ಕಳಚಿತು. ‘ವೇರ್ ಆಫ್’ ಒಪ್ಪುತ್ತೇನೆ, ನೋವಿನ ಮಾತ್ರೆಯ ಪರಿಣಾಮ ಕಳಚಿತು. ‘ಟೆಲ್ ಆಫ್’ ಅಂದರೆ ಬೈಯುವುದು. ಹೇಳಿ, ಇಲ್ಲಿ ಏನು ಕಳಚಿಕೊಂಡಿತು? ಬೈಸಿಕೊಂಡವನ ಮಾನವಾ?

ವ್ಯಾಕರಣದಹುಳು:
ಅದಕ್ಕೆ ಉತ್ತರ ಇದೆ. ‘ಟೆಲ್’ ಅಂದರೆ ಹಿಂದೆ ‘ಎಣಿಸು’ ಅಂತಲೂ ಅರ್ಥ ಇತ್ತು. ಬ್ಯಾಂಕಿನ ‘ಟೆಲ್ಲರ್’ ಇನ್ನೂ ಎಣಿಸುತ್ತಲೇ ಇದ್ದಾನೆ ನೋಡಿ. ಸೈನ್ಯದಲ್ಲಿ ಸಾಲಾಗಿ ನಿಂತವರನ್ನು ಎಣಿಸಿ, ಇಷ್ಟು ಜನ ಈ ಕೆಲಸಕ್ಕೆ ಅಂತ ಬೇರೆ ತೆಗೆಯುವುದಕ್ಕೆ ‘ಟೆಲ್ ಆಫ್’ ಅನ್ನುತ್ತಿದ್ದರು. ಎಣಿಸಿ ಬೇರೆ ಮಾಡುವುದು. ಗುಂಪಿನಿಂದ ಕಳಚುವುದು ಅಲ್ಲೂ ಇದೆ. ಬೈಯುವ ಅರ್ಥ ಬಂದದ್ದು ಆಮೇಲೆ, 20ನೇ ಶತಮಾನದ ಆರಂಭದ ಹೊತ್ತಿಗೆ.

ಕಟಕಿಮಾತು:
ನೋಡಿದಿರಾ? ಈಗ ನೀವು ಕೊಟ್ಟದ್ದು ಲಾಜಿಕ್ ಅಲ್ಲ, ಚರಿತ್ರೆ. ಸೈನ್ಯದ ಕಥೆ ಗೊತ್ತಿಲ್ಲದವನಿಗೆ ನಿಮ್ಮ ‘ಕಳಚಿಕೊ’ ಏನೂ ಹೇಳುವುದಿಲ್ಲ. ಇರಲಿ. ‘ಶೋ ಆಫ್’?

ವ್ಯಾಕರಣದಹುಳು:
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಟೀಚರಮ್ಮನ ಜೋಡಿ ಲೆಕ್ಕವೇ ಗತಿ.

ಗಾರೆಮಟ್ಟ:
ಪ್ಲಾಸ್ಟರಿಗೂ ಅದೇ ಗತಿ ಅಂತ ಬರೆದುಕೊಳ್ಳಿ.